ನಮ್ಮ ಬಾಗಿಲಿಗೆ ಬಣ್ಣ ಬಳಿದ ಮೇಸ್ತ್ರಿಗೊಂದು ಬಹಿರಂಗ ಪತ್ರ

ಮೇಸ್ತ್ರಿಗಳೇ,

ಕಳೆದ ದೀಪಾವಳಿಗೆ ಮುಂಚೆ ನೀವು ನಮ್ಮ ಮನೆಯ ಬಾಗಿಲು, ಚೌಕಟ್ಟುಗಳಿಗೆಲ್ಲ ಎನಾಮಲ್ ಬಳಿದುಕೊಟ್ಟಿರಿ. ಹಬ್ಬಕ್ಕೆ ಬಂದವರೆಲ್ಲ ಮೆಚ್ಚಿ ಹೋದರು. ಈ ಮಳೆಗಾಲ ಕಳೆಯುವಷ್ಟರಲ್ಲಿ ದೇವರಮನೆ ಬಾಗಿಲ ಬಣ್ಣ ಹಪ್ಪಳದ ಹಾಗೆ ಎದ್ದು ಕೂತಿದೆ. ನಿಮ್ಮ ಹೆಸರು ಕೆಡಿಸಲು ಇದನ್ನು ಬರೆಯುತ್ತಿಲ್ಲ. ಆ ಬಾಗಿಲು ನಮ್ಮಜ್ಜ ಹಲಸಿನ ಮರದಲ್ಲಿ ಮಾಡಿಸಿದ್ದು, ಅದಕ್ಕೆ ಹೀಗಾಗಬಾರದಿತ್ತು.

ಎದ್ದ ಚಕ್ಕೆಯೊಂದನ್ನು ಉಗುರಲ್ಲಿ ಕಿತ್ತು ತಿರುಗಿಸಿ ನೋಡಿದೆ. ಹಿಂಬದಿ ಗಾಜಿನಷ್ಟು ನುಣುಪು. ಅದು ಬಿಟ್ಟ ಜಾಗದಲ್ಲಿ ಹಳೇ ಬಣ್ಣ ಹೊಳಪು ಮಾಸದೆ ಹಾಗೇ ಇದೆ. ಬೆರಳಾಡಿಸಿದರೆ ದೀಪದೆಣ್ಣೆಯ ಜಿಡ್ಡು ಅಂಟುತ್ತದೆ. ಮರ ನೀರು ಕುಡಿದು ಬಣ್ಣವನ್ನು ಒಳಗಿಂದ ದೂಡಿದ್ದರೆ ಬರಿಮರ ಕಾಣಬೇಕಿತ್ತು. ಇಲ್ಲಿ ಹೊಸ ಬಣ್ಣಕ್ಕೆ ಮೊದಲ ದಿನದಿಂದಲೂ ಹಿಡಿತವೇ ಸಿಕ್ಕಿಲ್ಲ. ಮಳೆಗೆ ಬಾಗಿಲು ಉಬ್ಬಿತು, ಪದರ ಸಿಡಿಯಿತು, ಅಷ್ಟೇ. ಇನ್ನು ಚೌಕಟ್ಟಿನ ಸಂದಿಗೆ ನೀವು ತುಂಬಿದ್ದು ಗೋಡೆಗೆ ಹಾಕುವ ಸಿಮೆಂಟ್ ಪುಟ್ಟಿ. ಮರ ಹಿಗ್ಗಿ ಕುಗ್ಗುವಾಗ ಅದು ಜೊತೆಗೆ ಬಾಗುವುದಿಲ್ಲ, ಉದುರುತ್ತದೆ.

ಎದ್ದ ಬಣ್ಣದ ಮೇಲೇ ಇನ್ನೊಂದು ಕೋಟ್ ಹೊಡೆದರೆ ಸರಿಹೋಗುತ್ತದೆ ಎಂದಿರಿ. ಹೋಗುವುದಿಲ್ಲ. ಅಡಿಯ ಪದರವೇ ಹಿಡಿತ ಬಿಟ್ಟಿರುವಾಗ ಮೇಲಿನದು ಅದರ ಜೊತೆಗೇ ಬರುತ್ತದೆ. ಗಟ್ಟಿಯಾಗಿ ಕಾಣುವ ಕಡೆಯೂ ಬ್ಲೇಡಿನಲ್ಲಿ ಒಂದು ಗುಣಾಕಾರ ಚಿಹ್ನೆ ಗೀರಿ, ಟೇಪ್ ಒತ್ತಿ, ಎಳೆದು ನೋಡಿ. ಬಣ್ಣ ಟೇಪಿಗೆ ಬಂದರೆ ಅಲ್ಲೂ ಕೆರೆಯಲೇಬೇಕು. ಬಾರದಿದ್ದರೆ ಅದು ಇರಲಿ. ಅಂಚನ್ನು ಮೆಟ್ಟಿಲು ಕೈಗೆ ಸಿಗದಂತೆ ಉಜ್ಜಿ ಇಳಿಸಿ, ಉಳಿದ ಮೈಯನ್ನು ಹೊಳಪು ಮಾಸುವಷ್ಟು ಉಜ್ಜಿದರೆ ಸಾಕು. ಆದರೆ ಉಜ್ಜುವ ಮುಂಚೆ ವಾಷಿಂಗ್ ಸೋಡಾ ನೀರಿನಲ್ಲಿ ಜಿಡ್ಡು ತೊಳೆದು, ಒಳ್ಳೇ ನೀರಿನಲ್ಲಿ ಒರೆಸಿ. ಇಲ್ಲದಿದ್ದರೆ ಉಜ್ಜುಕಾಗದ ಆ ಎಣ್ಣೆಯನ್ನೇ ಮರಕ್ಕೆ ಇನ್ನಷ್ಟು ತಿಕ್ಕುತ್ತದೆ. 120ರ ಕಾಗದ, ಆಮೇಲೆ 220. ಪೂರ್ತಿ ಒಣಗಿದ ಮೇಲೆ ಬರಿಮರಕ್ಕೆ ವುಡ್ ಪ್ರೈಮರ್. ಎನಾಮಲ್ ತೆಳ್ಳಗೆ ಎರಡು ಕೋಟ್, ನಡುವೆ ಒಂದು ರಾತ್ರಿ.

ಇನ್ನೊಂದು ಮಾತು. ಆ ಬಾಗಿಲ ಕೆಳಪದರ ನಮ್ಮ ತಂದೆಯ ಕಾಲದ್ದು. ಮನೆಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಹೊರಟಿದ್ದೇ 2016ರಲ್ಲಿ. ಹಳೇ ಬಣ್ಣದಲ್ಲಿ ಸೀಸ ಇದೆಯೆಂದೇ ತಿಳಿದು ಒದ್ದೆ ಮಾಡಿ ಉಜ್ಜಿ. ಗೋಡೆ ಉಜ್ಜುವಾಗ ನಿಮ್ಮ ಜೊತೆಯವರು ಮುಖಕ್ಕೆ ಬರೀ ಟವಲ್ ಸುತ್ತಿಕೊಂಡಿದ್ದರು. ಈ ಕೆಲಸಕ್ಕೆ ಅದು ಸಾಲದು, ಒಳ್ಳೇ ಮಾಸ್ಕ್ ನಾನೇ ತಂದಿಟ್ಟಿರುತ್ತೇನೆ.

ಚದರಡಿ ಲೆಕ್ಕದ ಕೂಲಿಯಲ್ಲಿ ಕೆರೆಯುವುದಕ್ಕೆ ಯಾರೂ ಕಾಸು ಕೊಡುವುದಿಲ್ಲ, ನಾನೂ ಕೊಡಲಿಲ್ಲ; ಮೇಲಿಂದ ಹಬ್ಬದೊಳಗೆ ಮುಗಿಸಿ ಎಂದು ಅವಸರಪಡಿಸಿದೆ. ಈ ಸಲ ಕೆರೆದು ಉಜ್ಜುವ ದಿನಗಳಿಗೆ ದಿನಗೂಲಿ ಬೇರೆ ಕೊಡುತ್ತೇನೆ. ದೇವರಮನೆ ಬಾಗಿಲ ಒಂದು ಹಲಗೆಯನ್ನು ಮರ ಕಾಣುವವರೆಗೆ ಕೆರೆದಿಟ್ಟಿದ್ದೇನೆ. ಹಲಸಿನ ಹಳದಿ ಇನ್ನೂ ಹಾಗೇ ಇದೆ. ಬಣ್ಣದ ಡಬ್ಬ ತರುವ ಮುಂಚೆ ಒಮ್ಮೆ ಬಂದು ನೋಡಿ ಹೋಗಿ.