ಊರಿನ ಗೂಡುದೀಪಕ್ಕೆ ಲೋಕದ ಬಣ್ಣ

ಬೆಳಕಿನ ವಿಷಯದಲ್ಲಿ ನಮ್ಮ ಅಮಾಸೆಬೈಲಿಗೆ ತುಸು ಜಂಬವಿದೆ. ಪಕ್ಕದ ಹೊಸಂಗಡಿಯಲ್ಲಿ ನೆಲದೊಳಗೆ ಅಡಗಿ ಕುಳಿತ ವಾರಾಹಿ ವಿದ್ಯುದಾಗಾರದ ತಾಕತ್ತು 460 ಮೆಗಾವ್ಯಾಟ್. ಆದರೂ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ವಾರಾಹಿಯೇನು, ಗಂಗೆಯೂ ನಮ್ಮನ್ನು ಕಾಯಲಾರಳು. ಮಾಜಿ ಶಾಸಕ ಎ.ಜಿ. ಕೊಡ್ಗಿಯವರು ಟ್ರಸ್ಟ್ ಕಟ್ಟಿ, ಸೆಲ್ಕೋ ಕಂಪನಿಯವರನ್ನು ಜೊತೆಗೆ ಸೇರಿಸಿಕೊಂಡು, ಮನೆಮನೆಗೆ ಸೋಲಾರ್ ದೀಪ ಹಾಕಿಸಿದ ಮೇಲೆ ನಾವು ಸೂರ್ಯನ ಕಡೆಯವರು.

ಇಂಥ ಊರಲ್ಲಿ ಅಕ್ಕನ ಮಗ ದೀಪಾವಳಿಗೆ ಗೂಡುದೀಪ ಕಟ್ಟಿದ. ಬಿದಿರು ಕಡ್ಡಿ, ಬಣ್ಣದ ಕಾಗದ ಎಲ್ಲ ಹಳೆಯದೇ. ಒಳಗೆ ಮಾತ್ರ ಬಲ್ಬಿನ ಬದಲು ಇಂಟರ್ನೆಟ್ಟಿಗೆ ಜೋಡಿಸುವ ಇಎಸ್‌ಪಿ8266 ಬೋರ್ಡು, ಎಲ್‌ಇಡಿ ಪಟ್ಟಿ. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲು, ಬೆರೆಸಿದರೆ 1.67 ಕೋಟಿ ಬಣ್ಣವಂತೆ. ಇಷ್ಟರಲ್ಲಿ ಒಂದನ್ನು ಆರಿಸುವ ಅಧಿಕಾರ ಮಾತ್ರ ಮನೆಯವರಿಗಿಲ್ಲ!

ಅಮೆರಿಕದ ಹ್ಯಾನ್ಸ್ ಶಾರ್ಲರ್ 2011ರಲ್ಲಿ ಚಿಯರ್‌ಲೈಟ್ಸ್ ಎಂಬ ಆಟ ಶುರುಮಾಡಿದರು. ಯಾರೋ ಒಬ್ಬರು ಪೋಸ್ಟಿನಲ್ಲಿ ಚಿಯರ್‌ಲೈಟ್ಸ್ ಹೆಸರಿನ ಜೊತೆ ಒಂದು ಬಣ್ಣದ ಹೆಸರು ಬರೆದರೆ ಸಾಕು, ಲೋಕದಲ್ಲಿ ಅದಕ್ಕೆ ಜೋಡಿಸಿದ ದೀಪಗಳೆಲ್ಲ ಅದೇ ಬಣ್ಣಕ್ಕೆ ತಿರುಗುತ್ತವೆ. ಕೊನೆಯ ಬಣ್ಣವನ್ನು ಸರ್ವರ್ ಬರೆದಿಟ್ಟುಕೊಳ್ಳುತ್ತದೆ; ನಮ್ಮ ಬೋರ್ಡು ಆಗಾಗ ಹೋಗಿ ವಿಚಾರಿಸಿಕೊಂಡು ಬರುತ್ತದೆ.

"ನಮ್ಮನಿ ದೀಪದ್ ಬಣ್ಣ ಅಮೆರಿಕದವ್ರ್ ಹೇಳುದಾ ಮಾಣಿ?" ಅಮ್ಮ ಕೇಳಿದರು.

"ಯಾರ್ ಬೇಕಾರೂ ಹೇಳ್ಲಕ್ ಅಮ್ಮಮ್ಮ. ಒಂದ್ ಅಕೌಂಟ್ ಬೇಕ್ ಅಷ್ಟೆ."

"ನಂದ್ ಸೊಸೈಟಿಯಂಗ್ ಇತ್ತಲ್ದಾ!"

ಬಲೀಂದ್ರನನ್ನು ಕರೆಯುವ ಹೊತ್ತಿಗೆ ಯಾವ ದೇಶದ ಪುಣ್ಯಾತ್ಮ ಕೇಳಿದನೋ, ದೀಪ ನೇರಳೆಯಾಯಿತು. ಅದೇ ಗಳಿಗೆಗೆ ಗುಡ್ಡದ ಮೇಲಿನ ಟವರ್ ಸತ್ತಿತು. ಹೊಸ ಸುದ್ದಿ ಬಾರದ ಬೋರ್ಡು ನೇರಳೆಯಲ್ಲೇ ಗಟ್ಟಿಯಾಗಿ ಕೂತಿತು. ಪೂಜೆಗೆ ಬಂದ ನೆಂಟರ ಮುಖವೆಲ್ಲ ಹಣ್ಣಾದ ನೇರಳೆಕಾಯಿ. ಮಾಣಿ ಮೊಬೈಲ್ ಎತ್ತಿ ಹಿಡಿದು ಗದ್ದೆಯಂಚಿನಲ್ಲಿ ಸಿಗ್ನಲ್ ಹುಡುಕುತ್ತಿದ್ದ. ಜಗಲಿಯ ಸೋಲಾರ್ ದೀಪ ಯಾರ ಅಪ್ಪಣೆಗೂ ಕಾಯದೆ ಉರಿಯುತ್ತಿತ್ತು.

ಪರರ ಸ್ವಿಚ್ಚಿಗೆ ಜೋತುಬಿದ್ದವರಿಗೆ ಇದು ಹೊಸತೇನಲ್ಲ. 2023ರಲ್ಲಿ ಟ್ವಿಟರ್ ಇಂಥ ಯಂತ್ರಗಳಿಗಿದ್ದ ಪುಕ್ಕಟೆ ಬಾಗಿಲು ಮುಚ್ಚಿ ಕಾಸು ಕೇಳಿದಾಗ ಅಲ್ಲಿಂದಲೇ ಬಣ್ಣ ಹಿಡಿಯುತ್ತಿದ್ದ ಚಿಯರ್‌ಲೈಟ್ಸ್ ಕೂಡ ಗಂಟುಮೂಟೆ ಕಟ್ಟಿ ಡಿಸ್ಕಾರ್ಡ್ ಎಂಬ ಇನ್ನೊಂದು ಹರಟೆಕಟ್ಟೆಗೆ ಹೋಗಬೇಕಾಯಿತು.

ಹಾಗಂತ ಆಟ ಬಿಡಬೇಡಿ. ಗುರುತಿಲ್ಲದ ಯಾರೋ ಬರೆದ ಒಂದು ಶಬ್ದಕ್ಕೆ ನಮ್ಮ ಅಂಗಳ ಬಣ್ಣ ಬದಲಿಸುವುದು ಚಂದವೇ. ನೀವೂ ಕಟ್ಟಿ. ಪ್ರೋಗ್ರಾಮಿನಲ್ಲಿ ಒಂದೇ ಒಂದು ಸಾಲು ಹೆಚ್ಚಿಗೆ ಬರೆದಿಡಿ: ಲೋಕ ಉತ್ತರ ಕೊಡದಿದ್ದರೆ ಮನೆಯ ಹಳದಿಗೆ ಮರಳು.