ಟು-ಲೆಟ್ ಮೀಮಾಂಸೆ

ಶಾಸ್ತ್ರಗ್ರಂಥ ಯಾವುದೇ ಆಗಲಿ, ಮೊದಲು ಅನುಬಂಧ ಚತುಷ್ಟಯ ಹೇಳಿ ಮುಂದಕ್ಕೆ ಹೋಗಬೇಕೆಂಬುದು ಹಿಂದಿನವರ ಕಟ್ಟಳೆ. ಅದರಂತೆ, ವಿಷಯ: ಬೆಂಗಳೂರಿನಲ್ಲಿ ಬಾಡಿಗೆಗೆ ಒಂದು ಕೋಣೆ. ಪ್ರಯೋಜನ: ರಾತ್ರಿ ಮಲಗುವುದು, ಸಾಧ್ಯವಾದರೆ ಓದುವುದು. ಸಂಬಂಧ: ಓನರ್ ಮತ್ತು ಬಾಡಿಗೆದಾರರ ನಡುವಿನದು, ಇದು ಹಾಲುಕ್ಕಿಸಿದ ದಿನದಿಂದಲೇ ಹದಗೆಡತೊಡಗುತ್ತದೆ. ಇನ್ನು ಅಧಿಕಾರಿ, ಅಂದರೆ ಈ ಶಾಸ್ತ್ರವನ್ನು ಓದಲು ಅರ್ಹರು ಯಾರೆಂದರೆ, ಸಿಂಧನೂರಿನಿಂದಲೋ ಸಾಗರದಿಂದಲೋ ಕೊಳ್ಳೇಗಾಲದಿಂದಲೋ ಕಾನೂನು ಕಲಿಯಲು ಬಂದು, ಕಾಲೇಜಿನ ಹಾಸ್ಟೆಲಿನಲ್ಲಿ ಸೀಟಿಲ್ಲ ಎನ್ನಿಸಿಕೊಂಡು, ಮೆಜೆಸ್ಟಿಕ್ಕಿನಲ್ಲಿ ತಮ್ಮ ಬ್ಯಾಗಿನ ಮೇಲೆ ತಾವೇ ಕೂತವರು. ಮೆಡಿಕಲ್ ಓದುವವರಿಗೆ ಇಲ್ಲಿ ಅಧಿಕಾರವಿಲ್ಲ. ರಾತ್ರಿ ಹೊತ್ತು ಬಿ.ಪಿ. ನೋಡಲು ಒಬ್ಬರು ಮೇಲೇ ಇರಲಿ ಎಂದು ಅವರನ್ನು ಕರೆದು ಮನೆ ಕೊಡುತ್ತಾರೆ. ಸಾಫ್ಟ್‌ವೇರಿನವರಿಗೆ ಶಾಸ್ತ್ರದ ಹಂಗೇ ಇಲ್ಲ.

ಪ್ರಧಾನ ಪ್ರಮೇಯವನ್ನು ಈಗಲೇ ಹೇಳಿಬಿಡುತ್ತೇನೆ; ಪಿಜಿಗಳಲ್ಲಿ ಹತ್ತೂವರೆಗೆ ಲೈಟ್ ಆರಿಸುವುದರಿಂದ ಓದುಗರು ಕೊನೆಯವರೆಗೆ ತಲುಪುವ ಭರವಸೆಯಿಲ್ಲ. ಪ್ರಮೇಯ ಇಷ್ಟು: ಬಾಡಿಗೆಯ ಕಾನೂನು ಎಷ್ಟು ಹೆಚ್ಚು ಗೊತ್ತಿದೆಯೋ, ಬಾಡಿಗೆ ಮನೆ ಸಿಗುವ ಸಂಭವ ಅಷ್ಟು ಕಡಿಮೆ.

ನಮ್ಮ ನಾಡಿಗೆ ಈ ವಿದ್ಯೆ ಹೊಸದೇನೂ ಅಲ್ಲ. ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದದ್ದು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದು ಅವನು ಸಾಧಿಸಿದ. ವಿಜಯನಗರದ ಮೂರಂತಸ್ತಿನ ಬಿಲ್ಡಿಂಗಿನಲ್ಲಿ ಓನರ್ ಮಗ ಹತ್ತು ಗಂಟೆಗೆ ಎದ್ದು ಬಾಲ್ಕನಿಯಲ್ಲಿ ಹಲ್ಲುಜ್ಜುತ್ತ, ಕೆಳಗೆ ಟು-ಲೆಟ್ ಬೋರ್ಡ್ ಓದುತ್ತಿರುವ ಹುಡುಗನನ್ನು ದಿಟ್ಟಿಸುವಾಗ ಮಿತಾಕ್ಷರ ಕಣ್ಣಿಗೆ ಕಟ್ಟುತ್ತದೆ. ಹುಟ್ಟಿನಿಂದ ಬಾರದವರಿಗೆ ಅಡ್ವಾನ್ಸಿನಿಂದ ಬರಬಹುದು ಎಂಬುದು ಆಮೇಲೆ ಸೇರಿದ ತಿದ್ದುಪಡಿ.

ಈಗ ಬೋರ್ಡಿನ ಸ್ವರೂಪವನ್ನು ವಿಚಾರಿಸೋಣ. ಗೇಟಿಗೆ ತೂಗುಹಾಕಿದ ತಗಡಿನ ಬೋರ್ಡು ಪ್ರಸ್ತಾವವೋ, ಪ್ರಸ್ತಾವಕ್ಕೆ ಆಹ್ವಾನವೋ? ಜಾಹೀರಾತೂ ಪ್ರಸ್ತಾವವಾಗಬಲ್ಲದೆಂದು 1893ರ ಕಾರ್ಬಾಲಿಕ್ ಸ್ಮೋಕ್ ಬಾಲ್ ಪ್ರಕರಣ ಹೇಳುತ್ತದೆ. ಅಂಗಡಿಯಲ್ಲಿ ಜೋಡಿಸಿಟ್ಟ ಸರಕು ಬರಿಯ ಆಹ್ವಾನವೆಂದು 1953ರ ಬೂಟ್ಸ್ ಪ್ರಕರಣ ಹೇಳುತ್ತದೆ. ಮೊದಲ ಸೆಮಿಸ್ಟರಿನ ಹುಡುಗರು ಈ ಎರಡು ಪಕ್ಷ ಹಿಡಿದು ಟೀ ಅಂಗಡಿಯಲ್ಲಿ ಜಗಳವಾಡುವುದುಂಟು. ಎರಡೂ ತಪ್ಪು. ಬೆಲ್ ಒತ್ತಿದ ಕೂಡಲೇ ಸಿದ್ಧಾಂತ ತಿಳಿಯುತ್ತದೆ: "ಅಯ್ಯೋ, ಅದು ಹೋಗಿ ತಿಂಗಳಾಯ್ತು, ಬೋರ್ಡ್ ತೆಗೆಯೋದು ಮರೆತಿದ್ವಿ." ಬೋರ್ಡು ಒಂದು ಐತಿಹಾಸಿಕ ದಾಖಲೆ. ಅದನ್ನು ಶಾಸನಗಳ ಜೊತೆ ಓದಬೇಕೇ ಹೊರತು ಕರಾರುಗಳ ಜೊತೆಗಲ್ಲ.

ಮನೆ ನಿಜಕ್ಕೂ ಖಾಲಿಯಿದ್ದಾಗ ಸಂದರ್ಶನ ನಡೆಯುತ್ತದೆ. ಜಾಗ ನಾಗರಬಾವಿ ಎಂದಿಟ್ಟುಕೊಳ್ಳಿ, ಅಲ್ಲಿ ರಾಷ್ಟ್ರೀಯ ಕಾನೂನು ಶಾಲೆಯೂ ಇದೆ. ಓನರ್ ಆಂಟಿ ಕೈಯಲ್ಲಿ ಪೈಪು ಹಿಡಿದು ಗೇಟಿನ ಮುಂದಿನ ಕುಂಡಗಳಿಗೆ ನೀರು ಹಾಯಿಸುತ್ತಿದ್ದಾರೆ.

"ಎಲ್ಲಿ ಕೆಲಸ?"

"ಓದ್ತಿದೀನಿ ಆಂಟಿ."

"ಏನ್ ಓದ್ತಿದೀಯಪ್ಪ?"

"ಎಲ್‌ಎಲ್‌ಬಿ."

ನೀರು ಒಂದೇ ಕುಂಡಕ್ಕೆ ಬೀಳತೊಡಗುತ್ತದೆ. ಕುಂಡ ತುಂಬಿ, ಮಣ್ಣು ಹೊರಗೆ ಹರಿದು, ಹುಡುಗನ ಚಪ್ಪಲಿಯ ತನಕ ಬರುತ್ತದೆ. ಆಂಟಿ ಗಮನಿಸುವುದಿಲ್ಲ. "ನಮ್ಮನೆಯವರನ್ನ ಒಂದ್ ಮಾತು ಕೇಳ್ಬೇಕು" ಎನ್ನುತ್ತಾರೆ. 'ನಮ್ಮನೆಯವರು' ಎಂಬುದು ಮೇಲ್ಮನವಿ ನ್ಯಾಯಾಲಯ. ಅದರ ಪೀಠವನ್ನು ಕಂಡವರಿಲ್ಲ, ಕಲಾಪ ಗುಟ್ಟಾಗಿ ನಡೆಯುತ್ತದೆ, ತೀರ್ಪು ಮಾತ್ರ ಮರುದಿನ ಫೋನಿನಲ್ಲಿ ಬರುತ್ತದೆ: ಕೊಟ್ಟುಬಿಟ್ವಿ ಕಣಪ್ಪ.

ಕಾರಣವನ್ನು ಬ್ರೋಕರ್ ಆಮೇಲೆ ಬಿಡಿಸಿ ಹೇಳುತ್ತಾನೆ. ಲಾಯರು, ಪೊಲೀಸು, ಪ್ರೆಸ್ಸು, ಈ ಮೂವರಿಗೆ ಮನೆ ಕೊಡಬಾರದೆಂಬುದು ಓನರುಗಳ ಅಲಿಖಿತ ಸ್ಮೃತಿ. ಲಾಯರು ಒಮ್ಮೆ ಹೊಕ್ಕರೆ ಹೊರಡುವುದಿಲ್ಲ, ಸ್ಟೇ ತರುತ್ತಾನೆ, ಬಾಡಿಗೆಯನ್ನು ಕೋರ್ಟಿಗೆ ಕಟ್ಟುತ್ತಾನೆ. ವಿದ್ಯಾರ್ಥಿ ಇನ್ನೂ ಲಾಯರಲ್ಲ ಎಂಬ ವಾದ ಇಲ್ಲಿ ನಿಲ್ಲದು. ಹಾವಿನ ಮರಿಯೂ ಹಾವೇ ಎಂಬ ನ್ಯಾಯದಿಂದ ಅದು ಖಂಡಿತವಾಗಿದೆ.

ಓನರುಗಳ ಈ ಭಯಕ್ಕೆ ಆಧಾರವೇನು ಎಂದು ಪ್ರಸ್ತುತ ಪ್ರಬಂಧಕಾರ ಶ್ರದ್ಧೆಯಿಂದ ಹುಡುಕಿದ. ಬಾಡಿಗೆದಾರನ ಕೈಯಲ್ಲಿರುವ ಆಯುಧ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಎಂದು ನಂಬಿಕೆ. ಆದರೆ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಬೆಂಗಳೂರಿನಂಥ ನಗರಗಳಲ್ಲಿ ಆ ಕಾಯ್ದೆ ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಇಂದು 3,500ಕ್ಕೆ ಬೆಂಗಳೂರಿನಲ್ಲಿ ಏನು ಸಿಗುತ್ತದೆ? ಬೈಕ್ ನಿಲ್ಲಿಸಲು ನೆರಳು ಸಿಕ್ಕೀತು. ಹಾಗಾಗಿ ಕಾಯ್ದೆಯ ಪೂರ್ಣ ರಕ್ಷಣೆ ಬೈಕಿಗೂ ಇಲ್ಲ, ಬೈಕು ಮನೆಯಲ್ಲವಲ್ಲ. ಉಳಿದವರಿಗೆಲ್ಲ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಗತಿ. ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಗೆ ಅದರ 106ನೇ ಕಲಮಿನ ಪ್ರಕಾರ ಹದಿನೈದು ದಿನಗಳ ನೋಟಿಸು ಸಾಕು. ಅಂದರೆ ಯಾವ ಕತ್ತಿಗೆ ಹೆದರಿ ಓನರ್ ಗೇಟು ಹಾಕಿಕೊಂಡರೋ, ಆ ಕತ್ತಿಯ ಒರೆ ಖಾಲಿ. ಇದು ಓನರಿಗೆ ಗೊತ್ತಿಲ್ಲ. ಹುಡುಗನಿಗೆ ಗೊತ್ತು, ಆದರೆ ಗೇಟಿನ ಹೊರಗೆ ನಿಂತು ಕಲಮು ಸಂಖ್ಯೆ ಸಮೇತ ವಿವರಿಸಿದರೆ ಬಾಕಿ ಉಳಿದ ಅರ್ಧ ಅವಕಾಶವೂ ಹೋಗುತ್ತದೆ.

ಎರಡನೆಯ ಪ್ರಶ್ನೆಯನ್ನು ಎಲ್ಲ ಓನರುಗಳೂ ಕೇಳುವುದಿಲ್ಲ, ಕೆಲವರು ಊಟದ ಮೂಲಕ ಸುತ್ತಿಬಳಸಿ ಕೇಳುತ್ತಾರೆ: "ನೀವು ಯಾವ ಜನ?" ಇಲ್ಲಿ ಅಣಕಿಗೆ ಜಾಗ ಕಡಿಮೆ. 1916ರಲ್ಲಿ ಲಂಡನ್ನಿನ ಗ್ರೇಸ್ ಇನ್ನಿಗೆ ಸೇರಿದ ಕಾನೂನು ವಿದ್ಯಾರ್ಥಿಯೊಬ್ಬರು, ವಿದ್ಯಾರ್ಥಿವೇತನ ಮುಗಿದು ಓದು ಅರ್ಧಕ್ಕೆ ನಿಂತು, 1917ರಲ್ಲಿ ಬರೋಡ ಸಂಸ್ಥಾನದ ಕೆಲಸಕ್ಕೆ ಬಂದರು. ಊರಲ್ಲಿ ಅವರಿಗೆ ಇರಲು ಜಾಗ ಸಿಗಲಿಲ್ಲ. ಪಾರ್ಸಿ ಹೆಸರೊಂದನ್ನು ಹೇಳಿಕೊಂಡು ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಮೆಟ್ಟಿಲು ಹತ್ತಿ ಬಂದರು. ಸಂಜೆಯೊಳಗೆ ಖಾಲಿ ಮಾಡಬೇಕಾಯಿತು. ಆ ವಿದ್ಯಾರ್ಥಿ ಮುಂದೆ ಸಂವಿಧಾನ ಕರಡು ಸಮಿತಿಯ ಅಧ್ಯಕ್ಷರಾದರು. ಅಂಗಡಿ, ಹೋಟೆಲು, ಬಾವಿ, ಕೆರೆಗಳಲ್ಲಿ ಭೇದ ಮಾಡಬಾರದೆಂದು 15ನೇ ವಿಧಿ ಹೆಸರಿಸಿ ಹೇಳುತ್ತದೆ. ಬಾಡಿಗೆ ಮನೆ ಆ ಪಟ್ಟಿಯಲ್ಲಿಲ್ಲ. ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಮೀಸಲಿಟ್ಟ ಗೃಹ ಸಹಕಾರ ಸಂಘವೊಂದರ ಬೈಲಾವನ್ನು 2005ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದೂ ಸಿಲಬಸ್ಸಿನಲ್ಲಿದೆ. 17ನೇ ವಿಧಿ ಮಾತ್ರ ಅಸ್ಪೃಶ್ಯತೆಯನ್ನು ಯಾರು ಆಚರಿಸಿದರೂ ನಿಷೇಧಿಸುತ್ತದೆ, ಶಿಕ್ಷೆಯ ಕಾಯ್ದೆ 1955ರಿಂದಲೇ ಇದೆ. ಹಾಗಾಗಿ ಯಾರೂ ಕಾರಣ ಹೇಳುವುದಿಲ್ಲ. ಹೆಸರು ಕೇಳಿದ ಮೇಲೆ ಓನರಿಗೆ ಊರಿನಿಂದ ಅಣ್ಣನ ಮಗ ಬರುವವನಿದ್ದಾನೆಂಬುದು ನೆನಪಾಗುತ್ತದೆ, ಅಷ್ಟೆ. ಈ ಅಣ್ಣನ ಮಗ ಬೆಂಗಳೂರಿಗೆ ಬಂದದ್ದನ್ನು ಇದುವರೆಗೆ ಯಾವ ಬ್ರೋಕರನೂ ಕಂಡಿಲ್ಲ.

ಭೂಗೋಳದ ಅಧ್ಯಾಯ ಚಿಕ್ಕದು. ಲಂಡನ್ನಿನಲ್ಲಿ ಬ್ಯಾರಿಸ್ಟರಿ ಓದುತ್ತಿದ್ದ ಗಾಂಧೀಜಿ ಖರ್ಚು ತಗ್ಗಿಸಲು ಬಾಡಿಗೆಯ ಕೋಣೆ ಹಿಡಿದಾಗ, ಕೆಲಸದ ಜಾಗಕ್ಕೆ ಅರ್ಧ ಗಂಟೆಯಲ್ಲಿ ನಡೆದು ಹೋಗುವಂತಿರಬೇಕೆಂದು ನೋಡಿಕೊಂಡರು. ಬಂಡಿಯ ಬಾಡಿಗೆ ಉಳಿಯಿತು, ನಡೆದದ್ದರಿಂದ ಮೈಯೂ ಗಟ್ಟಿಯಾಯಿತು. ಈ ಸೂತ್ರವನ್ನು ಅಟ್ಟಾರ ಕಚೇರಿಯ ಹೈಕೋರ್ಟಿಗೆ ಅನ್ವಯಿಸಿದರೆ, ಅರ್ಧ ಗಂಟೆಯ ನಡಿಗೆಯಲ್ಲಿ ವಿದ್ಯಾರ್ಥಿಗೆ ಎಟುಕುವ ವಸತಿಯೆಂದರೆ ಕಬ್ಬನ್ ಪಾರ್ಕಿನ ಕಲ್ಲುಬೆಂಚು. ಆದ್ದರಿಂದ ಕೆಂಗೇರಿಯ ಆಚೆಗೆ ಕೋಣೆ ಹಿಡಿದು ನೇರಳೆ ಮೆಟ್ರೋದಲ್ಲಿ ಬರುವುದು ರೂಢಿ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ದೂರ ಹೋದಷ್ಟೂ ಬಾಡಿಗೆಯಲ್ಲಿ ಉಳಿದದ್ದು ಟಿಕೆಟಿನಲ್ಲಿ ಹೋಗುತ್ತದೆ, ಮೈ ಗಟ್ಟಿಯಾಗುವ ಲಾಭವೂ ಇಲ್ಲ.

ಮನೆ ಸಿಗದವರಿಗೆ ಪಿಜಿ. ಪಿಜಿ ಎಂದರೇನು ಎಂಬುದು ನಮ್ಮ ಕಾಲದ ಅತ್ಯಂತ ಗಹನವಾದ ತಾತ್ತ್ವಿಕ ಸಮಸ್ಯೆ. ಭೋಗ್ಯವೂ ಅಲ್ಲ, ಬಾಡಿಗೆಯೂ ಅಲ್ಲ, ಛತ್ರವೂ ಅಲ್ಲ. ಗುತ್ತಿಗೆಗೂ ಬರಿಯ ಪರವಾನಗಿಗೂ ವ್ಯತ್ಯಾಸ ಹೇಳುವಾಗ, ಜಾಗ ಅನನ್ಯವಾಗಿ ತನ್ನ ಸ್ವಾಧೀನದಲ್ಲಿದೆಯೇ ಎಂದು ನೋಡಬೇಕೆಂದು 1959ರ ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಿಂದ ಕಲಿಯುತ್ತೇವೆ. ತ್ರೀ ಶೇರಿಂಗ್ ರೂಮಿನಲ್ಲಿ ಅನನ್ಯ ಸ್ವಾಧೀನವನ್ನು ಹುಡುಕಿ ನೋಡಿ. ಒಂದು ಕೋಣೆಯನ್ನು ಪ್ಲೈವುಡ್ಡಿನಿಂದ ಎರಡಾಗಿ ಸೀಳಿದ್ದಾರೆ; ಕಿಟಕಿಯ ಒಂದು ರೆಕ್ಕೆ ನಮಗೆ, ಇನ್ನೊಂದು ಪಕ್ಕದವರಿಗೆ. ಮೂರು ಮಂಚ, ಎರಡು ಪ್ಲಗ್ ಪಾಯಿಂಟು, ಒಂದರಲ್ಲಿ ಕಿಡಿ ಬರುತ್ತದೆ. ಮಂಚದ ಕೆಳಗೆ ಹಿಂದಿನವನು ಬಿಟ್ಟುಹೋದ ಸಿವಿಲ್ ಪ್ರಕ್ರಿಯಾ ಸಂಹಿತೆಯ ಮೇಲೆ ಕಾಫಿ ಲೋಟದ ಗುರುತು. ಗೀಸರಿನ ಸ್ವಿಚ್ಚು ಬಚ್ಚಲಲ್ಲಿಲ್ಲ, ಕೆಳಗೆ ಮ್ಯಾನೇಜರನ ಮೇಜಿನ ಪಕ್ಕದಲ್ಲಿದೆ. ಬೆಳಿಗ್ಗೆ ಆರರಿಂದ ಏಳೂವರೆ ಅವನ ಅಧಿಕಾರಾವಧಿ. ಬಾಡಿಗೆದಾರನಿಗೆ ನಿರಾತಂಕ ಅನುಭೋಗದ ಭರವಸೆಯನ್ನು ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಕೊಟ್ಟಿದೆ. ಅದನ್ನು ರಚಿಸಿದವರು ಸೋಪು ಹಚ್ಚಿಕೊಂಡು ನಿಂತು, ಕೆಳಗಿನವರಿಗೆ ಕೇಳುವಂತೆ ಕೂಗಿದವರಲ್ಲ.

ತೆರಿಗೆಶಾಸ್ತ್ರಜ್ಞರೂ ಈ ಪ್ರಶ್ನೆಯಲ್ಲಿ ಮುಳುಗಿ ಎದ್ದಿದ್ದಾರೆ. ವಿದ್ಯಾರ್ಥಿಗಳ ಹಾಸ್ಟೆಲಾಗಿ ನಡೆಸಲು ಕೊಟ್ಟ ಕಟ್ಟಡವೂ ವಾಸದ ಮನೆಯೇ ಎಂದು 2022ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. ಪಿಜಿ ವಾಸದ ಮನೆಯಲ್ಲ, ಜಿಎಸ್‌ಟಿ ಕಟ್ಟಿ ಎಂದು 2023ರಲ್ಲಿ ಮುಂಗಡ ತೀರ್ಪು ಪ್ರಾಧಿಕಾರದ ಬೆಂಗಳೂರು ಪೀಠ ಹೇಳಿತು. ತಿಂಗಳಿಗೆ ತಲೆಗೆ 20,000 ರೂಪಾಯಿವರೆಗಿದ್ದು, ತೊಂಬತ್ತು ದಿನ ಎಡೆಬಿಡದೆ ಇದ್ದರೆ ತೆರಿಗೆ ಬೇಡವೆಂದು 2024ರಲ್ಲಿ ಜಿಎಸ್‌ಟಿ ಮಂಡಳಿ ಹೇಳಿತು. ಮನೆತನವೆಂಬುದು ತೊಂಬತ್ತನೆಯ ದಿನ ಪ್ರಾಪ್ತವಾಗುತ್ತದೆ ಎಂದು ಇದರ ಭಾವ. ಪಿಜಿಯ ಸಾಂಬಾರನ್ನು ತೊಂಬತ್ತು ದಿನ ಉಂಡವರು ಮಾತ್ರ ಈ ದೀಕ್ಷೆಗೆ ಅರ್ಹರು.

ಸಾಂಬಾರಿನ ಮಾತು ಬಂತು. ಅಪಕೃತ್ಯ ಶಾಸ್ತ್ರದ ಆಧಾರಸ್ತಂಭವೇ 1932ರ ಡೊನಹ್ಯೂ ಪ್ರಕರಣ: ಸ್ಕಾಟ್ಲೆಂಡಿನ ಹೆಂಗಸೊಬ್ಬಳು ಕುಡಿದ ಜಿಂಜರ್ ಬಿಯರಿನ ಬಾಟಲಿಯಲ್ಲಿ ಬಸವನಹುಳು ಇತ್ತೆಂಬ ದೂರು. ಬಾಟಲಿ ಪಾರದರ್ಶಕವಾಗಿರಲಿಲ್ಲ, ಪಿಜಿ ಸಾಂಬಾರೂ ಅಲ್ಲ. ಹುಳು ನಿಜಕ್ಕೂ ಇತ್ತೇ ಎಂಬುದು ಕೊನೆಗೂ ವಿಚಾರಣೆಯಲ್ಲಿ ಸಾಬೀತಾಗಲಿಲ್ಲ, ಅದಕ್ಕೆ ಮೊದಲೇ ರಾಜಿಯಾಯಿತು. ನಮ್ಮಲ್ಲೂ ಸಾಬೀತಾಗುವುದಿಲ್ಲ. ಅಡುಗೆಯವನು ಸೌಟಿನಲ್ಲಿ ಎತ್ತಿ ನೋಡಿ, "ಇದು ಒಗ್ಗರಣೆದು" ಎಂದು ತೀರ್ಪು ಕೊಟ್ಟು ಮತ್ತೆ ಪಾತ್ರೆಗೇ ಬಿಡುತ್ತಾನೆ.

ಇನ್ನು ಕರಾರು ಪತ್ರ. ಅದು ಹನ್ನೊಂದು ತಿಂಗಳಿಗೇ ಏಕೆ? ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ. ಬೆಂಗಳೂರಿನ ಬಾಡಿಗೆದಾರನ ವರ್ಷದಿಂದ ಹೀಗೆ ಒಂದು ತಿಂಗಳು ಶಾಶ್ವತವಾಗಿ ಕಳೆದುಹೋಗಿದೆ. ಅಡ್ವಾನ್ಸಿನಲ್ಲಿ ಮಾತ್ರ ತಿಂಗಳುಗಳಿಗೆ ಬರವಿಲ್ಲ. ಹತ್ತು ತಿಂಗಳ ಬಾಡಿಗೆ ಇಲ್ಲಿನ ಹಳೆಯ ಸಂಪ್ರದಾಯ. ಐದಾರಕ್ಕೆ ಒಪ್ಪಿದವರನ್ನು ಬ್ರೋಕರುಗಳು ಉದಾರಿಗಳೆಂದು ಹೊಗಳುತ್ತಾರೆ. ಎರಡು ತಿಂಗಳಿಗಿಂತ ಹೆಚ್ಚು ಬೇಡವೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಸೂಚಿಸಿದೆ. ಮಾದರಿ ಎಂದಮೇಲೆ ರಾಜ್ಯಗಳು ಒಪ್ಪಿ ತಂದರೆ ಉಂಟು, ಇಲ್ಲದಿದ್ದರೆ ನೋಡಿ ಸಂತೋಷಪಡುವುದು. ಸೂರು ಜೀವಿಸುವ ಹಕ್ಕಿನ ಭಾಗವೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಹುಡುಗ ಹತ್ತೂವರೆಯ ಮೇಲೆ, ಹೊದಿಕೆಯೊಳಗೆ ಮೊಬೈಲಿನ ಬೆಳಕಿನಲ್ಲಿ, ನಾಳಿನ ಪರೀಕ್ಷೆಗೆ ಬಾಯಿಪಾಠ ಮಾಡುತ್ತಾನೆ. ಪ್ರಶ್ನೆಪತ್ರಿಕೆಯ ಕೊನೆಯಲ್ಲಿ ಬರುವ ಸಮಸ್ಯೆ ಸುಮಾರಾಗಿ ಈ ರೀತಿ ಇರಬಹುದು:

'ಎ' ಎಂಬ ಕಾನೂನು ವಿದ್ಯಾರ್ಥಿ ತಾನು ಬಿ.ಕಾಂ. ಓದುತ್ತಿರುವುದಾಗಿ ಹೇಳಿ, 'ಬಿ'ಯ ಟೆರೇಸಿನ ಶೀಟಿನ ಕೋಣೆಯನ್ನು ಹನ್ನೊಂದು ತಿಂಗಳಿಗೆ ಹಿಡಿಯುತ್ತಾನೆ. ಅದು ಪೆಂಟ್‌ಹೌಸ್ ಎಂದು ಬ್ರೋಕರ್ 'ಸಿ' ಹೇಳಿರುತ್ತಾನೆ. ಖಾಲಿ ಮಾಡುವಾಗ 'ಬಿ' ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ, ಗೋಡೆಗೆ ಹೊಡೆದ ಮೊಳೆಗೆಂದು 500 ರೂಪಾಯಿ ಮುರಿದುಕೊಳ್ಳುತ್ತಾನೆ. ಮೊಳೆ ತಾನು ಬರುವ ಮೊದಲೇ ಇತ್ತೆಂದು 'ಎ' ವಾದಿಸುತ್ತಾನೆ. ಇಷ್ಟು ಚೆನ್ನಾಗಿ ವಾದಿಸುವವನು ಬಿ.ಕಾಂ. ಇರಲಾರನೆಂದು 'ಬಿ' ಉಳಿದ ಅಡ್ವಾನ್ಸನ್ನೂ ತಡೆಹಿಡಿಯುತ್ತಾನೆ. ಪಕ್ಷಗಾರರ ಹಕ್ಕು ಬಾಧ್ಯತೆಗಳನ್ನು ನಿರ್ಣಯಿಸಿ. (6 ಅಂಕಗಳು)