ಮೋಟಾರು ಮೀಮಾಂಸಕ

ಮೋಟಾರು ಎಂದೊಡನೆ ನೀರು ಎಷ್ಟು ಅಡಿಗೆ ಸಿಕ್ಕಿತು ಎಂದು ಕೇಳುವ ಜಿಲ್ಲೆ ಕೋಲಾರ. ಕೊಳವೆಬಾವಿ ಸಾವಿರ ಅಡಿ ದಾಟಿದರೂ ಯಾರೂ ಹುಬ್ಬೇರಿಸದ ಈ ಸೀಮೆಯಲ್ಲಿ, ಅಂಗೈಯಲ್ಲಿ ಅಡಗುವ ಮೋಟಾರನ್ನು ಹಿಂದಿನ ಆಕ್ಸಲ್‌ನ ಆಚೆಗಿಡಬೇಕೋ ಈಚೆಗಿಡಬೇಕೋ ಎಂದು ನಿದ್ದೆಗೆಟ್ಟವನೊಬ್ಬನಿದ್ದಾನೆ. ಮಾಲೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾನೆ. ಹೋಗುವಾಗ ಆಚೆ ಪಕ್ಷದ ವಿಡಿಯೋ, ಬರುವಾಗ ಈಚೆ ಪಕ್ಷದ್ದು. ಅವನಿಗೆ ಬೇಕಾದದ್ದು ಹತ್ತರಲ್ಲೊಂದು ಅಳತೆಯ, ಒಂದೂವರೆ ಕಿಲೋ ಆಸುಪಾಸಿನ, ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವ ರೇಡಿಯೋ ನಿಯಂತ್ರಿತ ರೇಸಿಂಗ್ ಬಗ್ಗಿ. ಮನೆಯಲ್ಲಿ ಮಗನಿಗೆಂದು ಹೇಳಿದ್ದಾನೆ. ಮಗ ಇನ್ನೂ ತೊದಲುತ್ತಾನೆ. ಬಗ್ಗಿಯಂತೂ ಬಂದಿಲ್ಲ, ಆದರೆ 17.5 ಟರ್ನ್ ಮೋಟಾರು ಸಾಕೋ 13.5 ಬೇಕೋ, ಗೇರು ಮೂರೋ ನಾಲ್ಕೋ ಎಂಬುದೆಲ್ಲ ತೀರ್ಮಾನವಾಗಿ ಕಡತ ಸೇರಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರು ನಮ್ಮಲ್ಲಿ ಹಿಂದೆಯೂ ಇದ್ದರು. ಇವನು ಕುಲಾವಿಯ ತೂಕವನ್ನು ಗ್ರಾಂನಲ್ಲಿ ಬರೆದಿಟ್ಟಿದ್ದಾನೆ.

ಅವನನ್ನು ದಡ್ಡನೆನ್ನುವಂತಿಲ್ಲ. ಪ್ರಶ್ನೆ ನಿಜವಾದದ್ದೇ. ಮೋಟಾರು ಹಿಂದಿನ ಆಕ್ಸಲ್‌ನ ಹಿಂದೆ ಕೂತರೆ ಭಾರ ಹಿಂಗಾಲಿಗೆ ಬಿದ್ದು, ತಳ್ಳುವ ಚಕ್ರ ನೆಲವನ್ನು ಬಿಗಿಯಾಗಿ ಹಿಡಿಯುತ್ತದೆ. ಮುಂಭಾಗ ಹಗುರವಾಗಿ, ತಿರುವಿನಲ್ಲಿ ಹೇಳಿದ ಮಾತು ಕೇಳುವುದಿಲ್ಲ. ಮುಂಜಾನೆ ಹಾಲಿನ ಕ್ಯಾನು ಹೇರಿಕೊಂಡು ಡೇರಿಗೆ ಹೋಗುವ ಮೊಪೆಡ್ಡನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕೆಸರಲ್ಲೂ ಹಿಂದಿನ ಚಕ್ರ ಜಾರದು, ಹ್ಯಾಂಡಲ್ ಮಾತ್ರ ತೇಲುತ್ತದೆ. ಮೋಟಾರನ್ನು ಆಕ್ಸಲ್‌ನ ಮುಂದಕ್ಕೆ, ಗಾಡಿಯ ನಡುವಿಗೆ ತಂದರೆ ತೂಕ ಹದವಾಗಿ ಹಂಚಿಹೋಗಿ ತಿರುವು ಚುರುಕಾಗುತ್ತದೆ. ಆದರೆ ಸಡಿಲ ನೆಲದಲ್ಲಿ ಬೆರಳು ಸ್ವಲ್ಪ ಹೆಚ್ಚು ಒತ್ತಿದರೂ ಹಿಂಭಾಗ ಮುಂದಕ್ಕೆ ಬಂದು ನಿಲ್ಲುತ್ತದೆ. ಅಂದರೆ ಉತ್ತರ ಇರುವುದು ಮೋಟಾರಿನಲ್ಲಲ್ಲ, ನೆಲದಲ್ಲಿ. ಮೀಮಾಂಸಕ ಅಮೆರಿಕದವರ ಮಾತು ಕೇಳಿದ್ದಾನೆ, ಜಪಾನಿನವರನ್ನೂ ಕೇಳಿದ್ದಾನೆ, ಕಾಲ ಕೆಳಗಿನ ಮಣ್ಣನ್ನು ಕೇಳಿಲ್ಲ.

ಆ ಮಣ್ಣಾದರೂ ಒಂದೇ ತೆರನಾಗಿದೆಯೇ? ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಉತ್ತು ಬಿಟ್ಟ ಸಡಿಲ ಕೆಂಪುಮಣ್ಣು, ಮೇಲೆ ಒಣ ತರಗೆಲೆ. ಅಲ್ಲಿ ನಡು ಮೋಟಾರಿನ ಬಗ್ಗಿ ಹೊರಟ ಜಾಗದಲ್ಲೇ ತನ್ನ ಗುಣಿ ತೋಡಿಕೊಳ್ಳುತ್ತದೆ. ಮುಳಬಾಗಿಲಿನ ಬೆಟ್ಟದ ಬುಡದಲ್ಲಿ ಬಂಡೆ ಸವೆದು ಉದುರಿದ ಗರಸು, ಟಯರಿನ ಕೆಳಗೆ ರಾಗಿ ಚೆಲ್ಲಿದ ಹಾಗೆ ಉರುಳುತ್ತದೆ. ಅಲ್ಲೂ ಹಿಂದಿನ ಮೋಟಾರೇ ಗತಿ. ಕೋಲಾರದ ಸುತ್ತಿನ ಒಣ ಕೆರೆಯಂಗಳಗಳು ಗಟ್ಟಿ ಗೋಡುಮಣ್ಣಿನವು, ಬೇಸಿಗೆಯಲ್ಲಿ ಒಳ್ಳೆಯ ಮೈದಾನವಾಗುತ್ತಿದ್ದವು. ಆದರೆ 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿತ ಕೊಳಚೆನೀರು ಹರಿದು ಬಂದು ಅವುಗಳಲ್ಲಿ ಹಲವು ತುಂಬಿವೆ, ಬಗ್ಗಿಗಿಂತ ದೋಣಿ ಹೆಚ್ಚು ಉಪಯೋಗ. ಉಳಿದದ್ದು ಮಾಲೂರು. ಹೆಂಚು, ಇಟ್ಟಿಗೆಗೆ ಹೆಸರಾದ ಆ ಊರಿನ ಜೇಡಿಮಣ್ಣನ್ನು ನೀರು ಚಿಮುಕಿಸಿ, ದಮ್ಮಸು ಹೊಡೆದು, ಗುಡಿಸಿಟ್ಟರೆ ರಬ್ಬರು ಕಚ್ಚುವ ನೆಲ ಸಿಕ್ಕೀತು. ನಾಲ್ಕು ತಾಲ್ಲೂಕಿನಲ್ಲಿ ನಡು ಮೋಟಾರಿಗೆ ಒಂದು ವೋಟು, ಅದೂ ನೀರು ಚಿಮುಕಿಸಿದರೆ. ನೀರಿನ ಕಥೆ ಮೊದಲೇ ಹೇಳಿದ್ದೇನೆ.

ಇಷ್ಟು ಕೇಳಿ ಅವನು ಸುಮ್ಮನಾಗುವುದಿಲ್ಲ. 1959ರಲ್ಲಿ ಜಾಕ್ ಬ್ರಾಬಮ್ ಎಂಜಿನ್ನನ್ನು ಬೆನ್ನ ಹಿಂದೆ, ಹಿಂದಿನ ಚಕ್ರದ ಮುಂದೆ ಇಟ್ಟ ಕೂಪರ್ ಕಾರಿನಲ್ಲಿ ಫಾರ್ಮುಲಾ ಒನ್ ಗೆದ್ದದ್ದನ್ನು ತೆಗೆಯುತ್ತಾನೆ. ಸರಿ, ಆದರೆ ಅದು ನುಣುಪಾದ ರಸ್ತೆ. ಮಣ್ಣಿನ ಲೆಕ್ಕಕ್ಕೆ 1967ರಲ್ಲಿ ಮೆಕ್ಸಿಕೋದ ಬಾಹಾ ಮರುಭೂಮಿಯ ಮೊದಲ ‘ಮೆಕ್ಸಿಕನ್ 1000’ ರೇಸ್ ಗೆದ್ದ ಮೇಯರ್ಸ್ ಮ್ಯಾಂಕ್ಸ್ ಬಗ್ಗಿ ಇದೆ. ಅದರ ಬೀಟಲ್ ಎಂಜಿನ್ನು ಕೂತಿದ್ದದ್ದು ಬಾಲದಲ್ಲಿ. ಆಟದ ಬಗ್ಗಿಗಳಲ್ಲೂ ಅಷ್ಟೇ: 1984ರ ಆರ್‌ಸಿ10, ಅದೇ ವರ್ಷದ ಟಮಿಯಾ ಗ್ರಾಸ್‌ಹಾಪರ್, ಎರಡಕ್ಕೂ ಮೋಟಾರು ಹಿಂದೆಯೇ. ಈಗಿನ ರೇಸುಗಾರರೆಲ್ಲ ನಡುವಿಗೆ ಬಂದಿದ್ದಾರಲ್ಲ ಎಂಬುದು ಅವನ ಗಟ್ಟಿ ಆಕ್ಷೇಪ. ಬಂದದ್ದು ನಿಜ, ಯಾಕೆಂದರೆ ಅವರ ನೆಲವೂ ಬದಲಾಯಿತು: ಕಾರ್ಪೆಟ್ಟು, ಪ್ಲಾಸ್ಟಿಕ್ ಹುಲ್ಲು, ಅಂಟುವಂತೆ ಹದಮಾಡಿದ ಜೇಡಿ. ಅಂಥ ನೆಲದಲ್ಲಿ ಹಿಡಿತ ಬೇಕಾದದ್ದಕ್ಕಿಂತ ಹೆಚ್ಚೇ ಇರುತ್ತದೆ, ಬೇಕಾದದ್ದು ತಿರುವು. ಕೋಲಾರದಲ್ಲಿ ಕಾರ್ಪೆಟ್ಟು ಹಾಸುವುದು ಮದುವೆ ಛತ್ರದಲ್ಲಿ, ಅದೂ ವಧೂವರರಿಗೆ.

ಹಾಗಾದರೆ ನಡು ಮೋಟಾರಿನದನ್ನೇ ಕೊಂಡು, ಹಿಂದೆ ಹಿತ್ತಾಳೆಯ ತುಂಡು ಕಟ್ಟಿದರಾಯಿತು ಎನ್ನುವುದು ಅವನ ಕೊನೆಯ ಅಸ್ತ್ರ. ಕಟ್ಟಬಹುದು, ಅನೇಕರು ಕಟ್ಟುತ್ತಾರೆ. ಮೋಟಾರನ್ನು ದುಡ್ಡು ಕೊಟ್ಟು ಮುಂದಕ್ಕೆ ತಂದು, ಮತ್ತೆ ದುಡ್ಡು ಕೊಟ್ಟು ಭಾರವನ್ನು ಹಿಂದಕ್ಕೆ ಕಳಿಸುವ ಈ ಉಪಾಯದಲ್ಲಿ ಲಾಭ ಅಂಗಡಿಯವನಿಗೆ. 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ ಟೊಮೆಟೊ ಹರಾಜಾಗುವ ಊರಿನಲ್ಲಿ ಇವನೊಬ್ಬ 20 ಗ್ರಾಂ ಹಿತ್ತಾಳೆಯನ್ನು ಎಲ್ಲಿಡಲಿ ಎಂದು ಕೊರಗುವುದನ್ನು ನೋಡಿದರೆ, ಇವನಿಗೆ ಬೇಕಾದದ್ದು ಬಗ್ಗಿಯಲ್ಲ, ಬಗೆಹರಿಯದ ಪ್ರಶ್ನೆ ಎನಿಸುತ್ತದೆ. 2011ರಲ್ಲಿ ಬಂದ ಟಿಎಲ್‌ಆರ್ 22 ಎಂಬ ಬಗ್ಗಿಯಲ್ಲಿ ಮೋಟಾರನ್ನು ಹಿಂದೆಯೂ ನಡುವೆಯೂ ಜೋಡಿಸಬಹುದಿತ್ತು. ಅದರ ಸುದ್ದಿ ಎತ್ತಿದರೆ ಇವನ ಮುಖ ಸಣ್ಣಗಾಗುತ್ತದೆ.

ಇವನ ದಾರಿ ಹಿಡಿಯುವ ಮನಸ್ಸಿರುವವರಿಗೆ ಇಷ್ಟು ಹೇಳಬಹುದು. ಓಡಿಸಬೇಕೆಂದಿರುವ ಜಾಗಕ್ಕೆ ಹೋಗಿ ಹಿಮ್ಮಡಿಯಿಂದ ಒಂದು ಗೆರೆ ಎಳೆಯಿರಿ. ಧೂಳೆದ್ದರೆ ಹಿಂದಿನ ಮೋಟಾರಿನದನ್ನು ಕೊಳ್ಳಿ; ಈ ನಾಲ್ಕು ತಾಲ್ಲೂಕಿನಲ್ಲಿ ಬಹುಪಾಲು ಧೂಳೇ ಏಳುತ್ತದೆ. ಜೊತೆಗೆ ಸಸ್ಪೆನ್ಷನ್ ತೋಳುಗಳನ್ನು ಒಂದು ಜೊತೆ ಹೆಚ್ಚಿಗೆ ತರಿಸಿಟ್ಟುಕೊಳ್ಳಿ. ಮುಳಬಾಗಿಲಿನ ಬಂಡೆಗೆ ಮೋಟಾರು ಹಿಂದಿದ್ದರೂ ಒಂದೇ, ನಡುವಿದ್ದರೂ ಒಂದೇ.